ಅಪ್‌ಡೇಟ್: ಅಣ್ಣನ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅರ್ಜಿ ಏನಾಯ್ತು

ಹೋದ ಸಲ ಕೇಳಿದ್ದೆ. ಪ್ರೆಸ್ ಮಷಿನ್‌ಗೆ ಸಿಕ್ಕಿ ಅಣ್ಣನ ಬಲಗೈ ಜಜ್ಜಿಹೋಗಿತ್ತು. 2018ರಲ್ಲಿ ಮೆಡಿಕಲ್ ಬೋರ್ಡ್ ದುಡಿಯುವ ಶಕ್ತಿ ಶೇ. 12 ಕಳೆದಿದೆ ಅಂತ ಬರೆದಿತ್ತು. ಈಗ ಬೆರಳು ಮಡಚುವುದಕ್ಕೇ ಆಗುತ್ತಿಲ್ಲ, ದಾರಿ ಇದೆಯಾ ಅಂತ.

ಇದೆ. ಅಪೀಲಿಗಿದ್ದ ಮೂರು ತಿಂಗಳ ಗಡುವು ಎಂದೋ ಮುಗಿದಿತ್ತು. ಆದರೆ ಗಾಯ ಆಮೇಲೆ ತೀರಾ ಜಾಸ್ತಿಯಾದರೆ ಆಗ (2025ರ ನವೆಂಬರ್‌ವರೆಗೆ) ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ 55ನೇ ಸೆಕ್ಷನ್‌ನಲ್ಲಿ ಮರುಪರಿಶೀಲನೆ ಕೇಳಬಹುದಿತ್ತು. ಅಂತಿಮ ತೀರ್ಮಾನವಾಗಿ 5 ವರ್ಷ ಆಗಿರಬೇಕಿತ್ತು. ಇಲ್ಲದಿದ್ದರೆ ಬೋರ್ಡ್ ತೀರ್ಮಾನದ ಮೇಲಿನ ಅಪೀಲು ಕೇಳುವ ಮೆಡಿಕಲ್ ಅಪೀಲ್ ಟ್ರಿಬ್ಯೂನಲ್‌ನ ಅನುಮತಿ ಬೇಕಿತ್ತು. ನಮಗೆ ಅಷ್ಟು ವರ್ಷ ದಾಟಿತ್ತು.

ಹಳೇ ಎಕ್ಸ್‌ರೇ, ನರಗಳ ಪರೀಕ್ಷೆಯ ಹೊಸ ರಿಪೋರ್ಟ್ ಎರಡನ್ನೂ ಒಯ್ದಿದ್ದೆವು. ಬೋರ್ಡ್‌ನ ಡಾಕ್ಟರು ಮೇಜಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಬಲಗೈಯಲ್ಲಿ ಎತ್ತಿ ಅಂದರು. ಅಣ್ಣ ಅದನ್ನು ಅಂಚಿನವರೆಗೆ ತಳ್ಳಿಕೊಂಡು ಬಂದು ಎಡಗೈಗೆ ಬೀಳಿಸಿಕೊಂಡ. ಅಂಗಿ ಗುಂಡಿಯೂ ಹಾಕಲಾಗಲಿಲ್ಲ. ನೋಡಿ ಕರುಳು ಕಿವುಚಿದಂತಾಯ್ತು.

ಈಗ ಶೇ. 20 ಆಗಿದೆ. ಇಎಸ್‌ಐ ಕೊಡುವ ಪರಿಹಾರದ ಪೂರ್ತಿ ದರ ಅಂದರೆ ಸರಾಸರಿ ದಿನಗೂಲಿಯ ಶೇ. 90, ಅದರಲ್ಲಿ ಈ ಪಾಲು ಸಿಗುತ್ತದೆ. 500 ರೂಪಾಯಿ ಕೂಲಿಗೆ ದಿನಕ್ಕೆ 54 ರೂಪಾಯಿ ಇದ್ದದ್ದು 90 ಆಗುತ್ತದೆ. ನನಗೆ ಇದೂ ಕಮ್ಮಿಯೇ ಅನಿಸುತ್ತದೆ. ಬಲಗೈ ನಂಬಿಕೊಂಡೇ ದುಡಿದವನು ಅವನು, ಅಲ್ವಾ? ಟ್ರಿಬ್ಯೂನಲ್‌ಗೆ ಅಪೀಲು ಹಾಕುತ್ತಿದ್ದೇವೆ. ಈ ಸಲ ಗಡುವು ಇನ್ನೂ ಇದೆ.