ಡ್ಯಾಶಿಯಲ್ ಹ್ಯಾಮೆಟ್: ಮುಂದೆ ಯಾವುದು ಓದಲಿ?

ಪ್ರಶ್ನೆ: ‘ದಿ ಮಾಲ್ಟೀಸ್ ಫಾಲ್ಕನ್’ ಓದಿ ಮುಗಿಸಿದೆ, ಗುಂಗು ಇಳಿದಿಲ್ಲ. ಅದನ್ನು ಬರೆದ ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಹ್ಯಾಮೆಟ್ ಸ್ವತಃ ಪತ್ತೇದಾರ ಆಗಿದ್ದರಂತೆ, ಜೈಲಿಗೂ ಹೋಗಿದ್ದರಂತೆ. ಈಗ ಅವರ ಜೀವನಚರಿತ್ರೆ ಹಿಡಿಯಲಾ, ಉಳಿದ ಕಾದಂಬರಿ ಓದಲಾ? ಓದಿದವರು ದಯವಿಟ್ಟು ಹೇಳಿ.

ಉತ್ತರ: ಕಾದಂಬರಿಗಳನ್ನೇ ಓದಿ. ಇರೋದೇ ಐದು, 1929ರಿಂದ 1934ರೊಳಗೆ ಎಲ್ಲ ಬಂದುಬಿಟ್ಟವು. ‘ರೆಡ್ ಹಾರ್ವೆಸ್ಟ್’ನಿಂದ ಶುರು ಮಾಡಿ. ಗಣಿ ಊರು, ಅದನ್ನು ಹಂಚಿಕೊಂಡು ತಿನ್ನೋ ಗೂಂಡಾಗಳು, ಹೆಸರೇ ಇಲ್ಲದ ಪತ್ತೇದಾರ. ಹ್ಯಾಮೆಟ್ 1915ರಲ್ಲಿ ಬಾಲ್ಟಿಮೋರಿನಲ್ಲಿ ಪಿಂಕರ್ಟನ್ ಅನ್ನೋ ಖಾಸಗಿ ಪತ್ತೇದಾರಿ ಏಜೆನ್ಸಿ ಸೇರಿದವರು. ಕಂಡದ್ದನ್ನಷ್ಟೇ ವರದಿ ಬರೆದ ಆ ಕಾಲವೇ ಅವರ ಗದ್ಯವನ್ನು ತಿದ್ದಿದೆ ಅಂತ ನನ್ನ ನಂಬಿಕೆ. ನೀವು ಓದಿದ್ದರಲ್ಲೇ ನೋಡಿ: ಪತ್ತೇದಾರ ಸ್ಪೇಡ್‌ಗೆ ನಡುರಾತ್ರಿ ಫೋನ್ ಬರುತ್ತೆ, ಪಾಲುದಾರ ಆರ್ಚರ್ ಸತ್ತ ಸುದ್ದಿ. ಸ್ಪೇಡ್ ಮನಸ್ಸಲ್ಲಿ ಏನಾಯ್ತು ಅನ್ನೋದಕ್ಕೆ ಒಂದು ಮಾತಿಲ್ಲ. ಹಾಸಿಗೆ ಮೇಲೆ ಕೂತು, ಕಾಗದಕ್ಕೆ ತಂಬಾಕು ಉದುರಿಸಿ, ಸಮ ಮಾಡಿ, ಸುರುಳಿ ಸುತ್ತಿ, ಅಂಚು ನೆಕ್ಕಿ ಅಂಟಿಸ್ತಾನೆ. ಬೆರಳಷ್ಟೇ ಕಾಣುತ್ತೆ. ದುಃಖವೋ ನಿರಾಳವೋ, ನಾವೇ ಊಹಿಸಬೇಕು. ಆ ಪುಟ ಇನ್ನೊಮ್ಮೆ ನಿಧಾನವಾಗಿ ಓದಿ.

ಉತ್ತರ: ಬೇ ಏರಿಯಾದಲ್ಲಿರೋ ಕನ್ನಡಿಗರಿಗೆ ಒಂದು ಮಾತು. ಸ್ಯಾನ್ ಫ್ರಾನ್ಸಿಸ್ಕೋದ 891, ಪೋಸ್ಟ್ ಸ್ಟ್ರೀಟ್ ಹ್ಯಾಮೆಟ್ ವಾಸವಿದ್ದ ಮನೆ. ಬರಿಟ್ ಸ್ಟ್ರೀಟಿನಲ್ಲಿ ಆರ್ಚರ್ ಸತ್ತ ಜಾಗಕ್ಕೆ ಫಲಕವೇ ಹಾಕಿದ್ದಾರೆ. ಕೊಂದವರ ಹೆಸರೂ ಅದರಲ್ಲಿದೆ, ಹಾಗಾಗಿ ಪುಸ್ತಕ ಮುಗಿಸಿಯೇ ಹೋಗಿ.

ಉತ್ತರ: ಕಾದಂಬರಿ ಮೊದಲು ಅನ್ನೋದು ಸರಿ. ಆದರೆ ಬದುಕಿನ ಕುತೂಹಲಕ್ಕೆ ಜೀವನಚರಿತ್ರೆಗಿಂತ 2001ರಲ್ಲಿ ಬಂದ ಅವರ ಆಯ್ದ ಪತ್ರಗಳನ್ನು ಓದಿ. ಸಂಗಾತಿ ಲಿಲಿಯನ್ ಹೆಲ್ಮನ್ ಬರೆದ ನೆನಪುಗಳು ಮನಸ್ಸಿಗೆ ನಾಟುತ್ತವೆ, ಆದರೆ ಅವರ ನೆನಪುಗಳ ನಿಜಾಂಶದ ಬಗ್ಗೆ ತಕರಾರುಗಳಿವೆ. ಪತ್ರಗಳಲ್ಲಿ ಹ್ಯಾಮೆಟ್ಟೇ ಮಾತಾಡ್ತಾರೆ.

ಜೈಲಿನ ವಿಷಯ ನಿಜ. 1951ರಲ್ಲಿ ಎಡಪಂಥೀಯರ ಜಾಮೀನು ನಿಧಿಗೆ ಹಣ ಕೊಟ್ಟವರ ಹೆಸರು ಹೇಳಿ ಅಂತ ಕೋರ್ಟು ಕೇಳಿತು. ಅವರು ಬಾಯಿ ಬಿಡಲಿಲ್ಲ. ಕ್ಷಯ ತಿಂದ ಶ್ವಾಸಕೋಶ ಇಟ್ಟುಕೊಂಡು ಸುಮಾರು ಐದು ತಿಂಗಳು ಒಳಗಿದ್ದರು. ಸ್ಪೇಡನನ್ನು ಸೃಷ್ಟಿಸಿದವರು ಹೀಗೇ ನಡೆದುಕೊಂಡರು ಅನ್ನೋದಕ್ಕೆ ನನಗೆ ಅವರ ಮೇಲೆ ಅಪಾರ ಗೌರವ.

1934ರ ನಂತರ 1961ರಲ್ಲಿ ತೀರಿಕೊಳ್ಳೋವರೆಗೂ ಇನ್ನೊಂದು ಕಾದಂಬರಿ ಯಾಕೆ ಬರಲಿಲ್ಲ ಅನ್ನೋದಕ್ಕೆ ಪತ್ರಗಳಲ್ಲೂ ಒಂದೇ ಕಾರಣ ಹುಡುಕಬೇಡಿ. ಕುಡಿತ, ಕಾಯಿಲೆ, ರಾಜಕೀಯ ಎಲ್ಲ ಬೆರೆತಿದೆ. ನೀವು ಎರಡನೇ ಮಹಾಯುದ್ಧದ ಭಾಗದಿಂದ ಶುರು ಮಾಡಿ. ಐವತ್ತರ ಹತ್ತಿರ ಬಂದಾಗ ಸೈನ್ಯ ಸೇರಿ, ಅಲಾಸ್ಕಾದ ಏಡಕ್ ದ್ವೀಪದಲ್ಲಿ ಸೈನಿಕರ ಪತ್ರಿಕೆ ನಡೆಸುತ್ತಾ ಹೆಣ್ಣುಮಕ್ಕಳಿಗೆ ಬರೆದ ಕಾಗದಗಳು ಅಲ್ಲಿವೆ.