ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ: ತೆಗೆದುಕೊಂಡವರು ಹೇಳಿ

ಹೊಸಬಳು: ಅಮ್ಮನಿಗೆ ಉಬ್ಬಸ. ಇನ್ಹೇಲರ್ ಒತ್ತುವುದು, ಉಸಿರು ಎಳೆಯುವುದು ಎರಡೂ ಒಟ್ಟಿಗೆ ಆಗುತ್ತಿಲ್ಲ. ಡಾಕ್ಟರು ಥಿಯೋಫಿಲಿನ್ ಮಾತ್ರೆ ಬರೆದಿದ್ದಾರೆ. ಹೇಗಿರುತ್ತದೆ?

ಮಾತ್ರೆರಾಯ: ನಾನು ವರ್ಷಗಟ್ಟಲೆ ನುಂಗಿದ್ದೇನೆ. ಮೊದಲು ಉಸಿರುನಾಳ ಹಿಗ್ಗಿಸುವ ಸಾಲ್ಬುಟಮಾಲ್ ಮಾತ್ರೆ, 4 ಮಿ.ಗ್ರಾಂ. ಕೈ ನಡುಗಿ ನಡುಗಿ ಸಹಿ ಹೊಂದದೆ ಚೆಕ್ ವಾಪಸ್ ಬಂದಿತ್ತು. ಎದೆ ಡವಡವ, ರಾತ್ರಿಯೆಲ್ಲ ಮೀನಖಂಡ ಹಿಡಿತ. ಆಮೇಲೆ ಥಿಯೋಫಿಲಿನ್. ನಡುಕ ಕಡಿಮೆ, ಹೊಟ್ಟೆ ತೊಳಸುವುದು ಜಾಸ್ತಿ. ಒಮ್ಮೆ ಮೂತ್ರದ ಸೋಂಕಿಗೆ ಬೇರೊಬ್ಬ ಡಾಕ್ಟರು ಸಿಪ್ರೊಫ್ಲಾಕ್ಸಸಿನ್ ಅನ್ನೋ ಆ್ಯಂಟಿಬಯೋಟಿಕ್ ಕೊಟ್ಟರು. ಬೇರೆ ಏನು ತಗೋತೀರಿ ಅಂತ ಕೇಳಲೇ ಇಲ್ಲ. ವಾಂತಿಯೋ ವಾಂತಿ. ಅದರಿಂದ ರಕ್ತದಲ್ಲಿ ಥಿಯೋಫಿಲಿನ್ ಮಿತಿಮೀರಿ ಏರಿ, ಮಿ.ಲೀ.ಗೆ 20 ಮೈಕ್ರೊಗ್ರಾಂ ದಾಟಿತ್ತು, ಅಡ್ಮಿಟ್ ಆದೆ. ಆದರೂ ನನಗೆ ಮಾತ್ರೆಯೇ ಸರಿ.

ಎರಡು ಪಫ್: 20 ದಾಟಿದ ಮೇಲೂ ಸರಿನಾ! ಸಾಲ್ಬುಟಮಾಲ್ ಇನ್ಹೇಲರ್‌ನ ಒಂದು ಪಫ್ 100 ಮೈಕ್ರೊಗ್ರಾಂ. ನಿಮ್ಮ 4 ಮಿ.ಗ್ರಾಂ ಅಂದರೆ 40 ಪಫ್‌ನಷ್ಟು ಔಷಧಿ. ಅದೂ ಕೆಲಸ ಶುರುಮಾಡಲು ಅರ್ಧ ಗಂಟೆ ಬೇಕು. ಉಸಿರು ಕಟ್ಟಿದಾಗ ಕಾಯುತ್ತಾ ಕೂರೋದಾ? ನಾನು ಬುಡೆಸೊನೈಡ್-ಫಾರ್ಮೊಟೆರಾಲ್ ಇನ್ಹೇಲರ್ ಹಿಡಿದ ಮೇಲೆ ಮೆಟ್ಟಿಲು ಹತ್ತುತ್ತಾ ಫೋನಲ್ಲಿ ಮಾತಾಡುತ್ತೇನೆ.

ಮಾತ್ರೆರಾಯ: ಅದರಲ್ಲಿ ಸ್ಟೀರಾಯ್ಡ್ ಇದೆ. ಅದನ್ನೂ ಹೇಳಿ.

ಎರಡು ಪಫ್: ಇದೆ, ಇರಲೇಬೇಕು. ಉಸಿರುನಾಳದ ಊತ ಇಳಿಸೋದು ಅದೇ. ಅಸ್ತಮಾಕ್ಕೆಂದೇ ಇರುವ ಜಾಗತಿಕ ಸಂಸ್ಥೆ ಜೀನಾ 2019ರಲ್ಲೇ ಹೇಳಿದೆ, ದೊಡ್ಡವರು ಬರೀ ಸಾಲ್ಬುಟಮಾಲ್ ನೆಚ್ಚಿಕೊಳ್ಳಬಾರದು ಅಂತ.

ಮಾತ್ರೆರಾಯ: ಸ್ಟೀರಾಯ್ಡ್ ಇನ್ಹೇಲರ್ ಎಳೆದು ಬಾಯಲ್ಲೆಲ್ಲ ಬಿಳಿ ಬೂಷ್ಟು ಬಂದದ್ದು ನನಗೆ, ಜೀನಾಗಲ್ಲ.

ಎರಡು ಪಫ್: ಎಳೆದ ಮೇಲೆ ಬಾಯಿ ಮುಕ್ಕಳಿಸಿದ್ರಾ?

ಮಾತ್ರೆರಾಯ: ಪಾಠ ಬೇಡ ಸ್ವಾಮಿ.

ಹೊಗೆ ಬಿಟ್ಟವ: ನನ್ನ ಕತೆ ಬೇರೆ. ಸಿಗರೇಟು ಬಿಟ್ಟೆ, ಎಲ್ಲರೂ ಶಹಬ್ಬಾಸ್ ಅಂದರು. ಕೆಲವೇ ದಿನಕ್ಕೆ ಅದೇ ಥಿಯೋಫಿಲಿನ್, ಅದೇ ಡೋಸ್, ಆದರೆ ನಿದ್ದೆ ಇಲ್ಲ, ವಾಕರಿಕೆ. ಸೇದುವಾಗ ಲಿವರ್ ಈ ಔಷಧಿಯನ್ನು ಬೇಗ ಬೇಗ ಖಾಲಿ ಮಾಡುತ್ತಿತ್ತಂತೆ. ಡೋಸ್ ಇಳಿಸಿದ ಮೇಲೇ ಸರಿಹೋಯಿತು.

ಎರಡು ಪಫ್: ಉಬ್ಬಸ ಇಟ್ಟುಕೊಂಡು ಸಿಗರೇಟಾ?

ಹೊಗೆ ಬಿಟ್ಟವ: ಬಿಟ್ಟೆ ಅಂದೆನಲ್ಲ. ಪೂರ್ತಿ ಓದೋ ಅಭ್ಯಾಸ ಇಲ್ವಾ?

ಪುಟ್ಟನ ಅಮ್ಮ: ಈ ಜಗಳ ಮುಗಿಯಲ್ಲ. ನನ್ನ ಮಗ ಸಾಲ್ಬುಟಮಾಲ್ ಸಿರಪ್ ಕುಡಿದರೆ ನಡುರಾತ್ರಿ ಮಂಚದ ಮೇಲೆ ಕುಣಿತ. ನಾನು ಕೆಂಪು ಕಣ್ಣಲ್ಲಿ ಆಫೀಸಿಗೆ. ಇನ್ಹೇಲರ್‌ಗೆ ಸ್ಪೇಸರ್ (ಒತ್ತಿದ ಔಷಧಿಯನ್ನು ಹಿಡಿದಿಡುವ ಡಬ್ಬಿ), ಮಾಸ್ಕ್ ಹಾಕಿದ ಮೇಲೆ ಸಿರಪ್ ಬಿಡಿಸಿದರು.

ಹೊಸಬಳು: ಮಾತ್ರೆ ದೊಡ್ಡದಿದೆ. ಪುಡಿ ಮಾಡಿ ಕೊಡಬಹುದಾ?

ಪುಟ್ಟನ ಅಮ್ಮ: ಅಯ್ಯೋ ಬೇಡ! ಅದು ನಿಧಾನಕ್ಕೆ ಕರಗುವ ಮಾತ್ರೆಯಾದರೆ ಇಡೀ ಡೋಸ್ ಒಮ್ಮೆಲೇ ಮೈಗೆ ಸೇರುತ್ತದೆ. ಡಾಕ್ಟರ ಹತ್ತಿರ ಸ್ಪೇಸರ್ ಬಗ್ಗೆ ಕೇಳಿ. ಒತ್ತಿ, ಆಮೇಲೆ ನಿಧಾನಕ್ಕೆ ಉಸಿರಾಡಿದರೆ ಸಾಕು.

ಮಾತ್ರೆರಾಯ: ಆ ಡಬ್ಬಿ ಹೊತ್ತು ಮದುವೆಮನೆಗೆ ಹೋಗಿ ನೋಡಿ, ಗೊತ್ತಾಗುತ್ತೆ.

ಎರಡು ಪಫ್: ವಾಂತಿ ಮಾಡಿಕೊಂಡು ಹೋಗೋದಕ್ಕಿಂತ ವಾಸಿ.