ಯಂತ್ರ ಬಂದ ಮೇಲೆ ನಮ್ಮ ಕೆಲಸದ ಗತಿ? – ಮೊಬೈಲ್ ಗುಂಪಿನಲ್ಲಿ ವಕೀಲರ ಜೊತೆ ಪ್ರಶ್ನೋತ್ತರ

ಆಪ್ತ ಸಮಾಲೋಚಕಿ, ತೀರ್ಥಹಳ್ಳಿ: ಮೇಡಂ, ಹೊರಗುತ್ತಿಗೆಯಲ್ಲಿ 11 ವರ್ಷ ಆಯ್ತು. ಇನ್ಮೇಲೆ ಫೋನ್ ಮಾಡಿ ವಿಚಾರಿಸೋದು ಯಂತ್ರವೇ ಅಂತೆ, ಐವರಲ್ಲಿ ಇಬ್ಬರು ಸಾಕಂತೆ. ‘ಸ್ವಇಚ್ಛೆಯಿಂದ ರಾಜೀನಾಮೆ’ ಬರೆದುಕೊಟ್ಟರೆ ಹೊಸ ಏಜೆನ್ಸಿಯಲ್ಲಿ ತಗೋತೀವಿ ಅಂತಾರೆ. ಸಹಿ ಹಾಕಲಾ?

ಅಂಗನವಾಡಿ ಕಾರ್ಯಕರ್ತೆ, ಸೊರಬ: ನಮಗೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕೊಡೋ ಇಡುಗಂಟು, ಉಂಟಾ ಮೇಡಂ?

ಪದವಿ ವಿದ್ಯಾರ್ಥಿನಿ: ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಬೇಕು ಅಂತಿದ್ದೀನಿ. ಮುಂದೆ ಕೆಲಸ ಇರುತ್ತಾ?

ವಕೀಲೆ, ಶಿವಮೊಗ್ಗ: ಸೊರಬದವರಿಗೆ: ಉಂಟು. ಸುಪ್ರೀಂ ಕೋರ್ಟ್ ತೀರ್ಪು, 25 ಏಪ್ರಿಲ್ 2022.

ತೀರ್ಥಹಳ್ಳಿಯವರೇ, ಸಹಿ ಹಾಕಬೇಡಿ. ಅವರು ತೆಗೆದರೆ ನೋಟಿಸು, ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೇಳಲು ದಾರಿ ಇದೆ. ನೀವೇ ಬಿಟ್ಟಿರಿ ಅಂತಾದರೆ ಆ ದಾರಿ ಮುಚ್ಚಿತು. ಗ್ರಾಚ್ಯುಟಿ ಮಾತ್ರ ರಾಜೀನಾಮೆ ಕೊಟ್ಟರೂ ಹೋಗಲ್ಲ, ಐದು ವರ್ಷ ದಾಟಿದೆ. ನನ್ನ ಚಿಂತೆ ಬೇರೆ. ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ, ಏಜೆನ್ಸಿಯದೋ ಟ್ರಸ್ಟಿನದೋ? 1978ರ ಬೆಂಗಳೂರು ಜಲಮಂಡಳಿ ತೀರ್ಪಿನಿಂದ ಸೇವಾಸಂಸ್ಥೆಗಳೂ ಕಾರ್ಮಿಕ ಕಾನೂನಿನ ‘ಉದ್ಯಮ’ದೊಳಗೆ ಬಂದಿದ್ದವು. 2025ರ ನವೆಂಬರ್ 21ಕ್ಕೆ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆ ದತ್ತಿ, ಸಮಾಜಸೇವೆ ಸಂಸ್ಥೆಗಳನ್ನ ಹೊರಗಿಟ್ಟಿದೆ. ಹಾಗಾಗಿ ಟ್ರಸ್ಟಿನ ಹೆಸರಿದ್ದರೆ ಆ ಪರಿಹಾರದ ದಾರಿ ಕಷ್ಟ. ಸಮಾಜಕಾರ್ಯ ಮಾಡುವವರಿಗೇ ಈ ಪೆಟ್ಟು, ನೋಡಿ! ಹಾಜರಿ, ಆದೇಶ, ಪಿಎಫ್ ಪಾಸ್‌ಬುಕ್ ಎಲ್ಲ ಪ್ರತಿ ಮಾಡಿಟ್ಟುಕೊಳ್ಳಿ.

ಸದಸ್ಯ, ಭದ್ರಾವತಿ: ‘240 ದಿನ ಮಾಡಿದರೆ ಕೆಲಸ ಕಾಯಂ, ಎಲ್ಲರಿಗೂ ಕಳಿಸಿ.’ ಬಂದಿದ್ದನ್ನ ಹಾಕಿದ್ದೀನಿ.

ವಕೀಲೆ: ಅಳಿಸಿ. 240 ದಿನ ಪರಿಹಾರದ ಲೆಕ್ಕಕ್ಕೆ, ಕಾಯಂಗಲ್ಲ. ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ, ಹಂಗಾಮಿಯಾಗಿ ದುಡಿದ ಮಾತ್ರಕ್ಕೆ ಸರ್ಕಾರಿ ಕೆಲಸ ಕಾಯಂ ಆಗಲ್ಲ. ಇದನ್ನ ನಂಬಿ ಫೀಸು ಕಳಕೊಂಡು ಬಂದವರನ್ನ ಎಷ್ಟು ನೋಡಲಿ?

ಅಂಗನವಾಡಿ ಕಾರ್ಯಕರ್ತೆ, ಹೊಸನಗರ: ಪೋಷಣ್ ಟ್ರ್ಯಾಕರ್ ಅನ್ನೋ ಅಂಗನವಾಡಿ ಆ್ಯಪಿನಲ್ಲಿ ಬಾಣಂತಿ ಮುಖ ಫೋಟೋಗೆ ಹೊಂದದಿದ್ದರೆ ಆಹಾರ ಕೊಡೋ ಹಾಗಿಲ್ಲ. ನೆಟ್‌ವರ್ಕ್ ಇರೋದು ಗುಡ್ಡದ ತಲೆ ಮೇಲೆ. ಕೂಸು ಎತ್ಕೊಂಡವಳನ್ನ ಮಳೇಲಿ ಹತ್ತಿಸಲಾ?

ಭದ್ರಾವತಿ: ಕಳ್ಳಲೆಕ್ಕ ನಿಂತಿದ್ದು ಆ್ಯಪಿನಿಂದಲೇ. ನಿಮಗೂ ಕೆಲಸ ಹಗುರ.

ಹೊಸನಗರ: ಎಂತ ಹಗುರ ಮಾರಾಯ್ರೆ! ಮೊಬೈಲೂ ಒತ್ತಬೇಕು, ರಿಜಿಸ್ಟರೂ ಬರೀಬೇಕು.

ಆಶಾ ಕಾರ್ಯಕರ್ತೆ, ಸಾಗರ: ಮಂಗನ ಕಾಯಿಲೆ ಬಂದಾಗ ಉಣುಗು ಕಚ್ಚದ ಹಾಗೆ ಹಚ್ಚೋ ಡೇಪಾ ಎಣ್ಣೆ ಹಿಡ್ಕೊಂಡು ಕಾಡಂಚಿನ ಮನೆಗೆ ಆ್ಯಪ್ ಹೋಗುತ್ತಾ? 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ಚಳಿಗೆ ಮಲಗಿದ ಮೇಲೆ ತಿಂಗಳಿಗೆ 10,000 ರೂಪಾಯಿ ಅನ್ನೋ ಮಾತಾದರೂ ಬಂತು.

ಭದ್ರಾವತಿ: ಎಲ್ಲದಕ್ಕೂ ಧರಣಿ.

ಸಾಗರ: ನಿಮ್ಮ ಪಿಂಚಣಿ ಯಾರು ಹೋರಾಡಿ ತಂದಿದ್ದು ಕೇಳ್ಕೊಳ್ಳಿ.

ಇನ್ನೊಬ್ಬರು: ಅಂಗನವಾಡಿಗೆ ಗ್ರಾಚ್ಯುಟಿ ಇದೆಯಾ?

ವಕೀಲೆ: ಮೇಲೆ ಓದಿ.

ತೀರ್ಥಹಳ್ಳಿ: ಮೇಡಂ, ಚೀಟಿಯಲ್ಲಿ ಟ್ರಸ್ಟಿನ ಹೆಸರೇ ಇದೆ. ನಾಳೆ ಸಂಜೆಯೊಳಗೆ ಸಹಿ ಬೇಕಂತೆ.

ವಕೀಲೆ: ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬನ್ನಿ. ಮೊದಲ ವರ್ಷದ ಆದೇಶ ಮರೀಬೇಡಿ. ಅಲ್ಲಿವರೆಗೆ ಖಾಲಿ ಹಾಳೆಗೂ ಸಹಿ ಬೇಡ.

ಪದವಿ ವಿದ್ಯಾರ್ಥಿನಿ: ಮೇಡಂ, ಎಂಎಸ್‌ಡಬ್ಲ್ಯು ಬಗ್ಗೆ ಕೇಳಿದ್ದೆ.